ದಂತವೈಷಮ್ಯವೂ ಶಿರೋವೇದನೆಯೂ: ಒಂದು ಕಾರಣವಿಚಾರ

ಕ್ರಿ. ಶ. 1934ರಲ್ಲಿ ಅಮೆರಿಕಾ ದೇಶದ ಸೇಂಟ್ ಲೂಯಿಸ್ ನಗರದಲ್ಲಿ ಕರ್ಣನಾಸಿಕಾರೋಗಗಳ ವೈದ್ಯರಾಗಿದ್ದ ಜೇಮ್ಸ್ ಕಾಸ್ಟೆನ್ ಎಂಬವರು ಹನ್ನೊಂದು ಮಂದಿ ರೋಗಿಗಳ ವೃತ್ತಾಂತವನ್ನು ಆಧರಿಸಿ ಒಂದು ಲೇಖನವನ್ನು ಪ್ರಕಟಿಸಿದರು. ಕಿವಿನೋವು, ಕಿವಿಯಲ್ಲಿ ಮೊರೆತ, ತಲೆಸುತ್ತು, ನೆತ್ತಿ ಹಿಂದಲೆಗಳಲ್ಲಿ ವೇದನೆ ಇವೇ ಮೊದಲಾದ ಬಾಧೆಗಳಿಗೆ ದವಡೆಯ ಕೀಲಿನ ವ್ಯಾಪಾರವು ಕೆಟ್ಟುದೇ ಮೂಲವೆಂದು ಅವರು ಅದರಲ್ಲಿ ಪ್ರತಿಪಾದಿಸಿದರು. ದವಡೆಹಲ್ಲುಗಳು ಬಿದ್ದುಹೋದ ಬಳಿಕ ಕೆಳದವಡೆಯು ಇರಬೇಕಾದುದಕ್ಕಿಂತ ಹೆಚ್ಚಾಗಿ ಮೇಲಕ್ಕೂ ಹಿಂದಕ್ಕೂ ಸರಿಯುತ್ತದೆ. ಹಾಗೆ ಸರಿದ ದವಡೆಯ ತುದಿಯು ಕಿವಿಯ ಬಳಿಯ ನರಗಳನ್ನು ಒತ್ತುತ್ತದೆ. ಹಲ್ಲುಗಳ ಕೂಡಿಕೆಯನ್ನು ಎತ್ತರಿಸಿದರೆ ಒತ್ತಡವು ತಪ್ಪಿ ವೇದನೆಯು ಶಮನವಾಗುತ್ತದೆ. ಇದು ಅವರ ವಾದದ ಸಾರ. ಈ ಬಾಧೆಗಳ ಸಮೂಹಕ್ಕೆ ಬಹುಕಾಲ ಕಾಸ್ಟೆನ್ನರ ಹೆಸರೇ ನಿಂತಿತು.

ವಾದವು ನೋಡುವುದಕ್ಕೆ ಸರಳವಾಗಿಯೂ ಮನಸ್ಸಿಗೆ ಹಿಡಿಸುವಂತೆಯೂ ಇರುವುದರಿಂದ ದಂತವೈದ್ಯರಲ್ಲಿ ಬೇಗನೆ ಹರಡಿತು. ತಲೆನೋವೆಂದು ಬಂದವರ ಹಲ್ಲುಗಳನ್ನು ಅಲ್ಲಲ್ಲಿ ಉಜ್ಜಿ ಸಮಮಾಡುವುದು, ಗಟ್ಟಿಯಾದ ಹಲ್ಲುಗಳಿಗೂ ಕವಚ ತೊಡಿಸಿ ಎತ್ತರಿಸುವುದು, ಇವು ಹಲವು ದಶಕಗಳ ಕಾಲ ನಡೆದುಬಂದುವು. ಹಲ್ಲಿನ ಮೇಲ್ಪದರವು ಒಮ್ಮೆ ಸವೆದರೆ ಪುನಃ ಬೆಳೆಯತಕ್ಕುದಲ್ಲ. ಆದುದರಿಂದ ಇಲ್ಲಿ ಕಾರಣನಿರ್ಣಯದಲ್ಲಾಗುವ ತಪ್ಪು ಕೇವಲ ಶಾಸ್ತ್ರಗೋಷ್ಠಿಯ ತಪ್ಪಲ್ಲ. ಅದರ ಫಲವನ್ನು ರೋಗಿಯು ಜೀವಮಾನವೆಲ್ಲ ಬಾಯಲ್ಲಿ ಹೊತ್ತಿರಬೇಕಾಗುತ್ತದೆ.

ವಿಚಾರಕ್ಕೆ ಮುನ್ನ ಪದಗಳನ್ನು ಗೊತ್ತುಮಾಡಿಕೊಳ್ಳುವುದು ಉಚಿತ. ಬಾಯಿ ಮುಚ್ಚಿದಾಗ ಮೇಲುಹಲ್ಲು ಕೆಳಹಲ್ಲುಗಳು ಒಂದನ್ನೊಂದು ಸಂಧಿಸುವ ಬಗೆಯನ್ನು ಇಲ್ಲಿ ಕೂಡಿಕೆಯೆಂದೂ, ಅದು ಒಪ್ಪವಾಗಿಲ್ಲದಿರುವುದನ್ನು ದಂತವೈಷಮ್ಯವೆಂದೂ ಕರೆದಿದೆ. ಮೇಲುಹಲ್ಲುಗಳು ಮುಂಚಾಚಿರುವುದು, ಕೆಳದವಡೆಯು ಮುಂದೆ ಬಂದಿರುವುದು, ಒಂದೆರಡು ಹಲ್ಲುಗಳು ಮಾತ್ರ ಮೊದಲು ತಾಗಿ ಉಳಿದುವು ತಡವಾಗಿ ಸೇರುವುದು, ಹಲ್ಲು ಬಿದ್ದ ಎಡೆಗೆ ನೆರೆಯ ಹಲ್ಲು ವಾಲುವುದು, ಇವೆಲ್ಲ ಅದರ ಭೇದಗಳು. ಸ್ನಾಯು ಶಬ್ದವು ಈಗ ಕನ್ನಡದಲ್ಲಿ ಮಾಂಸಕ್ಕೆ ಸಲ್ಲುತ್ತಿದೆಯಾದರೂ ಸುಶ್ರುತನ ಶಾರೀರಸ್ಥಾನದಲ್ಲಿ ಅದು ಬಂಧನರೂಪವಾದ ತಂತುವಿಗೆ ಹೆಸರು. ಮಾಂಸಕ್ಕೆ ಅಲ್ಲಿ ಪೇಶಿಯೆಂದೇ ವ್ಯವಹಾರ. ಹಳೆಯ ಪದವೇ ಸ್ಪಷ್ಟವಾಗಿರುವುದರಿಂದ ಅದನ್ನೇ ಇಲ್ಲಿ ಇಟ್ಟುಕೊಂಡಿದೆ.

ಕೆಳದವಡೆಯ ಎರಡು ತುದಿಗಳೂ ಕಿವಿಗಳ ಮುಂದುಗಡೆ ತಲೆಬುರುಡೆಯ ಕುಳಿಗಳಲ್ಲಿ ಕುಳಿತಿರುವುವು. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದರೆ ಅವುಗಳ ಚಲನೆಯು ಕೈಗೆ ಸಿಕ್ಕುತ್ತದೆ. ಈ ಕೀಲು ಬಾಗಿಲ ಕೀಲಿನಂತೆ ತಿರುಗುವುದಷ್ಟೇ ಅಲ್ಲದೆ ಮುಂದಕ್ಕೆ ಜಾರುವ ಸ್ವಭಾವವನ್ನೂ ಹೊಂದಿದೆ. ಜಾರುವಿಕೆಗೆ ಅನುಕೂಲವಾಗಿ ನಡುವೆ ತಂತುಮಯವಾದ ಒಂದು ಸಣ್ಣ ಬಿಲ್ಲೆಯಿದ್ದು, ಅದು ತನ್ನ ಎಡೆಯಿಂದ ಸರಿದಾಗ ಟಿಕ್ಕೆಂಬ ಸದ್ದು ಕೇಳಿಸುವುದುಂಟು. ಎಡಬಲಗಳ ಕೀಲುಗಳೆರಡೂ ಒಂದೇ ಎಲುಬಿಗೆ ಸೇರಿರುವುದರಿಂದ ಒಂದನ್ನು ಬಿಟ್ಟು ಇನ್ನೊಂದು ಚಲಿಸಲಾರದು. ಕೆನ್ನೆಯಲ್ಲಿರುವ ಪೇಶಿ, ಕಣತಲೆಯಲ್ಲಿ ಬೀಸಣಿಗೆಯಂತೆ ಹರಡಿರುವ ಶಂಖಪೇಶಿ, ಒಳಗಡೆಯಿಂದ ದವಡೆಯನ್ನು ಹಿಡಿದಿರುವ ಇನ್ನೆರಡು, ಹೀಗೆ ಒಂದೊಂದು ಪಕ್ಕದಲ್ಲಿಯೂ ನಾಲ್ಕು ಮುಖ್ಯ ಪೇಶಿಗಳು ಅಗಿಯುವ ಕೆಲಸವನ್ನು ನಡೆಸುವುವು. ದೃಢಕಾಯನಾದವನು ದವಡೆಹಲ್ಲುಗಳಿಂದ ಬಲವಾಗಿ ಕಚ್ಚಿದರೆ 50 ಕಿಲೋಗ್ರಾಂ ತೂಕಕ್ಕೆ ಸಮನಾದ ಅಥವಾ ಅದಕ್ಕೂ ಮಿಕ್ಕ ಒತ್ತಡವು ಹುಟ್ಟಬಲ್ಲುದು. ಇಷ್ಟು ಬಲವುಳ್ಳ ಪೇಶಿಯು ತಲೆಯ ಪಕ್ಕದಲ್ಲಿಯೇ ನೆಲೆಗೊಂಡಿರುವಾಗ ಅದರ ಆಯಾಸವು ತಲೆನೋವಾಗಿ ತೋರುವುದು ಆಶ್ಚರ್ಯವಲ್ಲ.

ಆದರೆ ದವಡೆಯ ನೋವು ಕತ್ತಿಗೂ, ಕತ್ತಿನ ನೋವು ಹಣೆಗೂ ಹಾಯುವ ಬಗೆ ಹೇಗೆ? ಮುಖ, ಹಲ್ಲು, ದವಡೆಯ ಕೀಲು, ಅಗಿಯುವ ಪೇಶಿಗಳು ಇವೆಲ್ಲದರ ವೇದನೆಯನ್ನು ಮಿದುಳಿಗೆ ಒಯ್ಯುವುದು ಶಿರೋನರಗಳಲ್ಲಿ ಐದನೆಯದು. ಮೂರು ಶಾಖೆಗಳುಳ್ಳ ಈ ನರದ ಕೆಲವು ಎಳೆಗಳು ಮಿದುಳಿನ ಬುಡದಿಂದ ಕೆಳಕ್ಕಿಳಿದು ಕತ್ತಿನ ಮೇಲುಭಾಗದ ಬೆನ್ನುಹುರಿಯವರೆಗೂ ಬಂದಿರುವುವು. ಕತ್ತಿನ ಮೊದಲ ಮೂರು ನರಗಳು ಬಂದು ಸೇರುವುದೂ ಅದೇ ಸ್ಥಳಕ್ಕೆ. ಎರಡು ದಿಕ್ಕಿನ ಹಳ್ಳಗಳು ಒಂದೇ ಕೆರೆಗೆ ಬಿದ್ದ ಮೇಲೆ ತೂಬಿನ ಬಳಿ ನಿಂತವನಿಗೆ ಯಾವ ನೀರು ಯಾವ ಹಳ್ಳದ್ದೆಂದು ತಿಳಿಯದು. ಹಾಗೆಯೇ ಮಿದುಳಿಗೂ ವೇದನೆಯ ಉಗಮಸ್ಥಾನವು ಅನೇಕವೇಳೆ ತಪ್ಪಾಗಿ ತೋರುತ್ತದೆ. ಇದಲ್ಲದೆ, ಹಲ್ಲುಗಳನ್ನು ಬಿಗಿಹಿಡಿದಾಗ ಕತ್ತಿನ ಪೇಶಿಗಳೂ ಒಡನೆಯೇ ಬಿಗಿಯುವುವೆಂಬುದು ಪೇಶಿಗಳ ವಿದ್ಯುತ್ಪರಿಮಾಣವನ್ನು ಅಳೆಯುವುದರಿಂದ ಸಿದ್ಧವಾಗಿದೆ. ದವಡೆಯಿಂದ ತಲೆಗೂ ಕತ್ತಿಗೂ ದಾರಿಯುಂಟೆಂಬುದರಲ್ಲಿ ಸಂದೇಹವಿಲ್ಲವೆಂದಾಯಿತು. ಶಿರೋವೇದನೆಗಳ ಅಂತರರಾಷ್ಟ್ರೀಯ ವರ್ಗೀಕರಣದ 2018ರ ಆವೃತ್ತಿಯೂ ದವಡೆಯ ಕೀಲುಪೇಶಿಗಳ ವಿಕಾರದಿಂದ ಹುಟ್ಟುವ ತಲೆನೋವಿಗೆ ಪ್ರತ್ಯೇಕವಾದ ಸ್ಥಾನವನ್ನು ಕೊಟ್ಟಿದೆ.

ಪ್ರಾಚೀನರ ಗ್ರಂಥಗಳಲ್ಲಿ ಈ ದಾರಿಯ ಸುಳಿವು ದೊರೆಯುತ್ತದೆ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಎಣಿಸಿರುವ ಹನ್ನೊಂದು ಶಿರೋರೋಗಗಳಲ್ಲಿ ಅನಂತವಾತವೆಂಬುದೊಂದು. ಅದರಲ್ಲಿ ವೇದನೆಯು ಕತ್ತಿನ ಹಿಂಭಾಗವನ್ನು ಹಿಡಿದು, ಕಣ್ಣು ಹುಬ್ಬು ಕಣತಲೆಗಳಲ್ಲಿ ನೆಲೆಸಿ, ಕೆನ್ನೆಯ ಪಕ್ಕದಲ್ಲಿ ನಡುಕವನ್ನೂ ಹನುಗ್ರಹವನ್ನೂ, ಎಂದರೆ ದವಡೆ ಹಿಡಿದುಕೊಳ್ಳುವುದನ್ನೂ, ಉಂಟುಮಾಡುವುದೆಂದು ಹೇಳಿದೆ. ಕತ್ತು, ಕಣತಲೆ, ದವಡೆ ಇವು ಮೂರನ್ನೂ ಒಂದೇ ರೋಗದ ಲಕ್ಷಣಗಳಾಗಿ ಕಂಡಿರುವುದು ಸೂಕ್ಷ್ಮದೃಷ್ಟಿಯ ಫಲವೇ ಸರಿ. ಹನುಸಂಧಿಯು ಸಡಿಲುವ ಹನುಮೋಕ್ಷವನ್ನು ಅದೇ ಸಂಹಿತೆಯ ನಿದಾನಸ್ಥಾನವು ದಂತರೋಗಗಳ ಗಣದಲ್ಲಿ ಸೇರಿಸಿದೆ. ವಾಗ್ಭಟನು ಅಷ್ಟಾಂಗಹೃದಯದ ವಾತವ್ಯಾಧಿಪ್ರಕರಣದಲ್ಲಿ ಹನುಸ್ರಂಸವನ್ನು ವಿವರಿಸುತ್ತ, ನಾಲಗೆಯನ್ನು ಅತಿಯಾಗಿ ಹೆರೆಯುವುದು, ಒಣಗಿದ ಪದಾರ್ಥಗಳನ್ನು ತಿನ್ನುವುದು, ಪೆಟ್ಟು ಬೀಳುವುದು ಇವನ್ನು ಕಾರಣಗಳಾಗಿ ಹೇಳಿದ್ದಾನೆ. ಬಾಯಿ ತೆರೆದಂತೆಯೇ ಅಥವಾ ಮುಚ್ಚಿದಂತೆಯೇ ನಿಂತುಬಿಡುವುದು ಅದರ ರೂಪ.

ಇದರಿಂದ ಕಾಸ್ಟೆನ್ನರ ಮತವು ನಮ್ಮ ಋಷಿಗಳಿಗೆ ಮೊದಲೇ ವಿದಿತವಾಗಿತ್ತೆಂದು ಸಾಧಿಸಹೊರಡುವುದು ಸರಿಯಲ್ಲ. ಅಂತಹ ಸಾಧನೆಗಳು ಶಾಸ್ತ್ರಕ್ಕೆ ಗೌರವವನ್ನು ತರುವುದಕ್ಕಿಂತ ಹೆಚ್ಚಾಗಿ ಪಾಠವನ್ನು ಓದದಿರುವುದನ್ನೇ ತೋರಿಸುವುವು. ಹಲ್ಲುಗಳು ವಿಕಟವಾಗಿ ಬೆಳೆಯುವ ಕರಾಲವೆಂಬ ದೋಷವನ್ನೂ, ಹೆಚ್ಚು ಹಲ್ಲು ಮೂಡುವ ಅಧಿದಂತವನ್ನೂ ವಾಗ್ಭಟನು ಉತ್ತರಸ್ಥಾನದಲ್ಲಿ ಹೆಸರಿಸಿದ್ದಾನೆ. ಆದರೆ ಕರಾಲದಿಂದ ತಲೆನೋವು ಬರುವುದೆಂದು ಹೇಳಿಲ್ಲ. ಹನುಸ್ರಂಸದ ಕಾರಣಗಳಲ್ಲಿಯೂ ಹಲ್ಲಿನ ವಕ್ರತೆಯನ್ನು ಸೇರಿಸಿಲ್ಲ. ವಕ್ರದಂತವನ್ನೂ ಕಂಡರು, ದವಡೆಯ ವೇದನೆಯನ್ನೂ ಕಂಡರು. ಎರಡನ್ನೂ ಕಾರ್ಯಕಾರಣಭಾವದಿಂದ ಹೆಣೆಯಲಿಲ್ಲ. ಪಾಠದಿಂದ ಸಿದ್ಧವಾಗುವುದು ಇಷ್ಟೇ.

ಇನ್ನು ಪ್ರಕೃತವಾದ ಕಾರ್ಯಕಾರಣಭಾವದ ಪರೀಕ್ಷೆ. ಕಾರ್ಯಕ್ಕೆ ಮುಂಚೆ ನಿಯಮವಾಗಿ ಇರುವುದೂ ಅನ್ಯಥಾಸಿದ್ಧವಲ್ಲದುದೂ ಕಾರಣವೆಂದು ತಾರ್ಕಿಕರ ಲಕ್ಷಣ. ದಂತವೈಷಮ್ಯಕ್ಕೆ ಈ ಲಕ್ಷಣವು ಹೊಂದುತ್ತದೆಯೇ?

ಮೊದಲು ಅನ್ವಯವನ್ನು ನೋಡಬೇಕು. ಹಲ್ಲುಗಳ ಕೂಡಿಕೆಯು ಪೂರ್ಣವಾಗಿ ಒಪ್ಪವಾಗಿರುವವರು ಯಾವ ಜನಾಂಗದಲ್ಲಿಯೂ ವಿರಳ. ಏನಾದರೊಂದು ವೈಷಮ್ಯವಿಲ್ಲದವರನ್ನು ಹುಡುಕಬೇಕಾಗುತ್ತದೆ. ಆದರೆ ಅವರಲ್ಲಿ ಬಹುಮಂದಿಗೆ ದವಡೆಯ ನೋವೂ ಇಲ್ಲ, ಅದರಿಂದ ತಲೆನೋವೂ ಇಲ್ಲ. ಒಪ್ಪವಾದ ಹಲ್ಲುಗಳಿದ್ದೂ ನರಳುವವರು ಮತ್ತೊಂದು ಕಡೆಗೆ ಕಾಣುವರು. ಹೀಗೆ ಎರಡು ಕಡೆಗೂ ವ್ಯಭಿಚಾರ. ಇದಲ್ಲದೆ ಈ ವೇದನೆಗಾಗಿ ವೈದ್ಯರನ್ನು ಕಾಣುವವರಲ್ಲಿ ಹೆಂಗಸರ ಸಂಖ್ಯೆ ಗಂಡಸರದಕ್ಕಿಂತ ಇಮ್ಮಡಿಗೂ ಹೆಚ್ಚು. ದಂತವೈಷಮ್ಯದಲ್ಲಾದರೋ ಸ್ತ್ರೀಪುರುಷರ ನಡುವೆ ಅಷ್ಟು ಅಂತರವಿಲ್ಲ. ಕಾರಣವು ಸಮವಾಗಿದ್ದು ಕಾರ್ಯವು ವಿಷಮವಾಗಿರುವುದಾದರೆ ಬೇರೊಂದು ಕಾರಣವನ್ನು ಅರಸಲೇಬೇಕು.

ಕಾಸ್ಟೆನ್ನರು ಹೇಳಿದ ನರದ ಒತ್ತಡವಂತೂ ಬಹುಕಾಲ ನಿಲ್ಲಲಿಲ್ಲ. ದವಡೆಯ ತುದಿಯು ಹಿಂದಕ್ಕೆ ಸರಿದು ಆ ನರಗಳನ್ನು ಹಾಗೆ ಒತ್ತುವುದಕ್ಕೆ ಎಲುಬುಗಳ ರಚನೆಯೇ ಎಡೆಗೊಡದೆಂದು 1948ರಲ್ಲಿ ಹ್ಯಾರಿ ಸಿಕರ್ ಎಂಬ ಶಾರೀರಜ್ಞರು ತೋರಿಸಿದರು. ಆದರೆ ಮೂಲವಾದದ ಯುಕ್ತಿಯು ಬಿದ್ದರೂ ಅದರಿಂದ ಹೊರಟ ಚಿಕಿತ್ಸೆಯು ನಿಲ್ಲಲಿಲ್ಲ. ರೋಗಿಗಳು ಗುಣಹೊಂದುತ್ತಿರುವುದೇ ಅದಕ್ಕೆ ಪ್ರಮಾಣವೆನ್ನಲಾಯಿತು. ಹಲ್ಲನ್ನು ಉಜ್ಜಿದೆವು, ನೋವು ಹೋಯಿತು. ಆದುದರಿಂದ ಹಲ್ಲೇ ಕಾರಣ ಎಂಬ ಈ ಅನುಮಾನದ ದೋಷವನ್ನು ಬಯಲಿಗೆಳೆದ ಪ್ರಯೋಗವೊಂದು 1976ರಲ್ಲಿ ಪ್ರಕಟವಾಯಿತು. ಗುಡ್‌ಮನ್, ಗ್ರೀನ್, ಲಾಸ್ಕಿನ್ ಎಂಬ ಮೂವರು ಇಂತಹ ವೇದನೆಯುಳ್ಳ 25 ಮಂದಿಗೆ ಹಲ್ಲು ಉಜ್ಜುವ ಅಭಿನಯವನ್ನು ಮಾತ್ರ ಮಾಡಿದರು. ಹಲ್ಲುಗಳ ಕೂಡಿಕೆಯು ಮೊದಲಿನಂತೆಯೇ ಉಳಿಯಿತು. ಆದರೂ 16 ಮಂದಿ, ಎಂದರೆ ನೂರಕ್ಕೆ 64ರಷ್ಟು ಜನ, ನೋವು ಪೂರ್ಣವಾಗಿ ಅಥವಾ ಬಹುಮಟ್ಟಿಗೆ ಹೋಯಿತೆಂದರು. ವೈಷಮ್ಯವು ಇದ್ದಂತೆಯೇ ಇದ್ದು ವೇದನೆಯು ಹೋಯಿತೆಂದ ಮೇಲೆ ವ್ಯತಿರೇಕಬಲವೂ ಕಳಚಿತು. ಕುಂಬಾರನ ಕತ್ತೆ ಮಣ್ಣನ್ನು ಹೊತ್ತು ತಂದಿತೆಂಬ ಮಾತ್ರದಿಂದ ಅದನ್ನು ಘಟಕ್ಕೆ ಕಾರಣವೆಂದು ಎಣಿಸುವಂತಿಲ್ಲವೆಂಬುದು ಪಾಠಶಾಲೆಯ ಬಾಲರಿಗೂ ತಿಳಿದ ಮಾತು. ಹಲ್ಲುಗಳನ್ನು ಉಜ್ಜುವುದರಿಂದ ಈ ವಿಕಾರವು ಗುಣವಾಗುವುದಕ್ಕಾಗಲಿ ಬಾರದಂತೆ ತಡೆಯುವುದಕ್ಕಾಗಲಿ ಪ್ರಮಾಣವಿಲ್ಲವೆಂದು, ಪರೀಕ್ಷೆಗಳೆಲ್ಲವನ್ನೂ ಒಟ್ಟುಗೂಡಿಸಿ ತೂಗಿದ ಕಾಕ್ರನ್ ಮಂಡಲಿಯ ವಿಮರ್ಶೆಯು 2003ರಲ್ಲಿ ನಿರ್ಣಯಿಸಿತು.

ಪೂರ್ವವೃತ್ತಿತ್ವದಲ್ಲಿಯೂ ಸಂಶಯವುಂಟು. ಆರೋಗ್ಯವಂತರ ಕೆನ್ನೆಯ ಪೇಶಿಗೆ ಉಪ್ಪುನೀರನ್ನು ಚುಚ್ಚಿ ಸ್ವಲ್ಪ ಹೊತ್ತಿನ ನೋವನ್ನು ಉಂಟುಮಾಡಿದಾಗ ಅವರ ದವಡೆಯ ಚಲನೆಯ ರೇಖೆಯೇ ಬದಲಾಯಿತೆಂದು 1996ರಲ್ಲಿ ಒಬ್ರೆಜ್ ಮತ್ತು ಸ್ಟೋಲರ್ ಎಂಬವರು ತೋರಿಸಿದರು. ಕೀಲಿನ ತುದಿಯು ಸವೆದಾಗ ಮುಂದಿನ ಹಲ್ಲುಗಳು ಒಂದನ್ನೊಂದು ಮುಟ್ಟದೆ ತೆರೆದು ನಿಲ್ಲುವುದೂ ವೈದ್ಯರಿಗೆ ಪರಿಚಿತ. ಇಂತಹ ಪ್ರಸಂಗಗಳಲ್ಲಿ ವೇದನೆಯೇ ಮೊದಲು, ವೈಷಮ್ಯವು ಅದರ ಫಲ. ಕಾರ್ಯವನ್ನು ಕಾರಣವೆಂದು ಹಿಡಿದು ಹಲ್ಲನ್ನು ಉಜ್ಜಿದರೆ ರೋಗವು ಶಮನವಾದ ಮೇಲೆ ಉಜ್ಜಿದ ಹಲ್ಲು ಎಲ್ಲಿಗೂ ಹೊಂದದೆ ಹೋಗುತ್ತದೆ.

ಹಾಗಾದರೆ ವೇದನೆಗೆ ಕಾರಣವೇನು? 1969ರಲ್ಲಿ ಡೇನಿಯಲ್ ಲಾಸ್ಕಿನ್ನರು ಮನಸ್ಸಿನ ಉದ್ವೇಗದಿಂದ ಹಲ್ಲುಗಳನ್ನು ಬಿಗಿಹಿಡಿಯುವುದು, ಅದರಿಂದ ಪೇಶಿಗಳು ದಣಿಯುವುದು, ದಣಿವಿನಿಂದ ಸೆಳೆತ, ಸೆಳೆತದಿಂದ ನೋವು ಎಂಬ ಪರಂಪರೆಯನ್ನು ಮುಂದಿಟ್ಟರು. ಅನಂತರದ ಶೋಧನೆಗಳು ಈ ಚಿತ್ರವನ್ನು ಇನ್ನೂ ಜಟಿಲಗೊಳಿಸಿದವು. ಅಮೆರಿಕಾದಲ್ಲಿ 2006ರಿಂದ ನಡೆದ ಒಂದು ದೊಡ್ಡ ಅಧ್ಯಯನದಲ್ಲಿ ಈ ವಿಕಾರವಿಲ್ಲದ 2,500ಕ್ಕೂ ಮಿಕ್ಕ ಜನರನ್ನು ವರ್ಷಗಟ್ಟಲೆ ಗಮನಿಸಿ, ಯಾರಿಗೆ ಹೊಸದಾಗಿ ನೋವು ಬರುವುದೆಂದು ನೋಡಲಾಯಿತು. ಕೆಟ್ಟ ನಿದ್ರೆ, ದೇಹದ ಬೇರೆಡೆಗಳಲ್ಲಿ ಮೊದಲೇ ಇರುವ ನೋವುಗಳು, ದವಡೆಯನ್ನು ಬಿಗಿಹಿಡಿಯುವ ಅಭ್ಯಾಸ, ಮನಸ್ಸಿನ ಬಾಧೆ ಇವು ಅಂತಹವರಲ್ಲಿ ಹೆಚ್ಚಾಗಿ ಕಂಡುಬಂದವು. ಬಹುಕಾರಣಗಳ ಸಾಮಗ್ರಿಯು ಕೂಡಿ ಕಾರ್ಯವು ಹುಟ್ಟುವುದೆಂಬುದು ಈಗಿನ ಸಿದ್ಧಾಂತ.

ಇಲ್ಲಿ ಸಾಹಿತ್ಯಾಭ್ಯಾಸಿಗಳಿಗೆ ಒಂದು ಸಂಗತಿಯು ನೆನಪಿಗೆ ಬರದಿರದು. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರೌದ್ರರಸದ ಅನುಭಾವಗಳನ್ನು ಹೇಳುವಾಗ ಭರತನು ಕೆಂಗಣ್ಣು ಹುಬ್ಬುಗಂಟುಗಳ ಜೊತೆಗೆ ಹಲ್ಲುತುಟಿಗಳನ್ನು ಒತ್ತುವುದನ್ನೂ ಕೆನ್ನೆಗಳು ಅದುರುವುದನ್ನೂ ಎಣಿಸಿದ್ದಾನೆ. ಹಲ್ಲನ್ನು ಬಿಗಿದಾಗ ಕೆನ್ನೆಯಲ್ಲಿ ಎದ್ದು ಕಾಣುವ ಅದುರುವಿಕೆಯು ಅಗಿಯುವ ಪೇಶಿಯದೇ. ಮುಂದೆ ಆಂಗಿಕಾಭಿನಯದಲ್ಲಿ ಚಿಬುಕದ ಏಳು ಕರ್ಮಗಳನ್ನು ವಿಂಗಡಿಸುತ್ತ, ಹಲ್ಲುಗಳ ಸಂಘರ್ಷಕ್ಕೆ ಕುಟ್ಟನವೆಂದೂ, ಗಾಢವಾದ ಸಂಶ್ಲೇಷಕ್ಕೆ ಛಿನ್ನವೆಂದೂ, ಅಲ್ಪಮಾತ್ರವಾದ ಸಂಶ್ಲೇಷಕ್ಕೆ ಸಮವೆಂದೂ ಹೆಸರಿಟ್ಟಿದ್ದಾನೆ. ಕುಟ್ಟನವು ಭಯ, ಚಳಿ, ಜ್ವರ, ಕ್ರೋಧಗಳಿಗೆ ಸಲ್ಲತಕ್ಕುದು. ಸ್ವಾಭಾವಿಕವಾದ ಸ್ಥಿತಿಗೆ ಸಮವೇ ವಿಹಿತ. ಇಂದಿನ ವೈದ್ಯರೂ ಸುಮ್ಮನಿರುವಾಗ ತುಟಿಗಳು ಕೂಡಿ ಹಲ್ಲುಗಳ ನಡುವೆ 2ರಿಂದ 4 ಮಿಲಿಮೀಟರ್ ಎಡೆಯಿರುವುದೇ ಪ್ರಕೃತಿಯೆಂದು ಹೇಳುವರು. ಉಣ್ಣುವುದು ನುಂಗುವುದು ಎಲ್ಲ ಸೇರಿ ದಿನಕ್ಕೆ ಹಲ್ಲುಗಳು ಒಂದನ್ನೊಂದು ಮುಟ್ಟುವ ಕಾಲವು ಸುಮಾರು 20 ನಿಮಿಷ ಮಾತ್ರವೆಂದು ಲೆಕ್ಕ. ಹೀಗಿರಲಾಗಿ ಕೂಡಿಕೆಯು ವಕ್ರವೋ ಋಜುವೋ ಎಂಬುದಕ್ಕಿಂತ, ಎಷ್ಟು ಹೊತ್ತು ಯಾವ ಬಲದಿಂದ ಕೂಡಿಸಿಟ್ಟಿದೆಯೆಂಬುದೇ ಹೆಚ್ಚಿನ ಪ್ರಶ್ನೆಯಾಗುತ್ತದೆ. ಕನ್ನಡ ನುಡಿಯೂ ಇದನ್ನೇ ಹಿಡಿದಿದೆ: ಅವುಡುಗಚ್ಚುವುದು ಕೋಪಕ್ಕೆ, ಹಲ್ಲು ಮಸೆಯುವುದು ದ್ವೇಷಕ್ಕೆ, ಹಲ್ಲು ಕಚ್ಚಿ ಸಹಿಸುವುದು ಹೇಳಲಾರದ ಕಷ್ಟಕ್ಕೆ. ವೀರರೌದ್ರಗಳ ಯೋಧನಿಗೆ ಅದು ಕ್ಷಣಕಾಲದ ಅನುಭಾವ. ಬರೆಯುವ ಮೇಜಿನ ಮುಂದೆ ಅರಿಯದೆಯೇ ದಿನವೆಲ್ಲ ಅವುಡುಗಚ್ಚಿ ಕುಳಿತವನಿಗೆ ಅದು ಸಂಜೆಯ ತಲೆನೋವು. ನಿದ್ರೆಯಲ್ಲಿ ಹಲ್ಲು ಕಡಿಯುವುದು ಮಾತ್ರ ಬೇರೆಯೇ ವಿಷಯ. ಮಕ್ಕಳಲ್ಲಿ ಅದು ಜಂತುಹುಳುವಿನಿಂದಲೇ ಆಗುವುದೆಂಬ ಲೋಕವಾರ್ತೆಗೆ ದೃಢವಾದ ಆಧಾರವಿಲ್ಲ.

ದಂತವೈಷಮ್ಯವು ಯಾವಾಗಲೂ ಅಕಾರಣವೆಂದು ಇದರಿಂದ ಹೇಳುವಂತಿಲ್ಲ. ಹೊಸದಾಗಿ ತುಂಬಿಸಿದ ಹಲ್ಲು ಅಥವಾ ತೊಡಿಸಿದ ಕವಚವು ಕೂದಲೆಳೆಯಷ್ಟು ಎತ್ತರವಾಗಿದ್ದರೂ ನಾಲಗೆಗೂ ದವಡೆಗೂ ಅದು ತಿಳಿಯುತ್ತದೆ. ಆ ಹಲ್ಲು ನೋಯುವುದೂ, ಅದನ್ನು ತಪ್ಪಿಸಿ ಕಚ್ಚುವ ಯತ್ನದಲ್ಲಿ ಪೇಶಿಗಳು ದಣಿಯುವುದೂ ಉಂಟು. ಫಿನ್ಲೆಂಡಿನಲ್ಲಿ ಲೆ ಬೆಲ್ ಮೊದಲಾದವರು 2002ರಲ್ಲಿ ಪ್ರಕಟಿಸಿದ ಪ್ರಯೋಗವು ಇಲ್ಲಿ ಬೋಧಪ್ರದ. ಬುದ್ಧಿಪೂರ್ವಕವಾಗಿ ಹಲ್ಲಿನ ಮೇಲೆ ಸಣ್ಣ ಅಡ್ಡಿಯನ್ನು ಇಟ್ಟಾಗ, ಮೊದಲು ದವಡೆಯ ವಿಕಾರವಿಲ್ಲದಿದ್ದವರು ಬಹುಮಟ್ಟಿಗೆ ಅದಕ್ಕೆ ಒಗ್ಗಿಕೊಂಡರು. ಹಿಂದೆ ವಿಕಾರವನ್ನು ಅನುಭವಿಸಿದ್ದವರಲ್ಲಿ ಲಕ್ಷಣಗಳು ಹೆಚ್ಚಿದುವು. ಒಂದೇ ಅಡ್ಡಿಯು ಒಬ್ಬನಲ್ಲಿ ನಿಷ್ಫಲ, ಇನ್ನೊಬ್ಬನಲ್ಲಿ ಸಫಲ. ಆದುದರಿಂದ ವೈಷಮ್ಯವನ್ನು ಪ್ರಧಾನಕಾರಣವೆನ್ನದೆ, ಕೆಲವರಲ್ಲಿ ಮಾತ್ರ ಸಹಕಾರಿಕಾರಣವೆಂದರೆ ಸಲ್ಲುತ್ತದೆ. ಎತ್ತರವಾದ ಹೊಸ ತುಂಬುವಿಕೆಯನ್ನು ತಗ್ಗಿಸುವುದು ನ್ಯಾಯ್ಯ. ಬಾಲ್ಯದಿಂದ ಇದ್ದು ಒಗ್ಗಿಹೋದ ಕೂಡಿಕೆಯನ್ನು ತಲೆನೋವಿನ ಹೆಸರಿನಲ್ಲಿ ಕೆದಕುವುದು ನ್ಯಾಯ್ಯವಲ್ಲ. ಅಂದಕ್ಕಾಗಿಯೋ ಅಗಿಯುವ ಅನುಕೂಲಕ್ಕಾಗಿಯೋ ಹಲ್ಲುಗಳನ್ನು ಸಾಲುಗೂಡಿಸುವುದು ಬೇರೆಯ ಮಾತು.

ಅಮೆರಿಕಾದ ರಾಷ್ಟ್ರೀಯ ವಿದ್ವತ್ಪರಿಷತ್ತುಗಳು 2020ರಲ್ಲಿ ಹೊರಡಿಸಿದ ವಿಸ್ತಾರವಾದ ವರದಿಯೂ ಹಿಂದಕ್ಕೆ ತೆಗೆದುಕೊಳ್ಳಲಾಗದ ಚಿಕಿತ್ಸೆಗಳ ವಿಷಯದಲ್ಲಿ ಎಚ್ಚರಿಕೆಯನ್ನೇ ಹೇಳುತ್ತದೆ. ಮೆತ್ತಗಿನ ಆಹಾರ, ಬಿಸಿಯ ಶಾಖ, ಆಕಳಿಕೆಯಲ್ಲಿ ಬಾಯನ್ನು ಅತಿಯಾಗಿ ತೆರೆಯದಿರುವುದು, ಹಲ್ಲು ಬಿಗಿದಿದೆಯೇ ಎಂದು ದಿನದಲ್ಲಿ ಆಗಾಗ ಗಮನಿಸಿ ಸಡಿಲಿಸುವುದು, ವೈದ್ಯರು ಹೇಳಿದ ವ್ಯಾಯಾಮ, ಬೇಕಾದರೆ ರಾತ್ರಿ ಹಲ್ಲಿಗೆ ತೊಡುವ ತೆಗೆಯಬಲ್ಲ ಹಲಗೆ, ಇಷ್ಟರಿಂದಲೇ ಬಹುಮಂದಿಗೆ ಗುಣವಾಗುತ್ತದೆ. ಗಟ್ಟಿ ಅಡಕೆಯನ್ನು ಹೊತ್ತುಹೊತ್ತಿಗೂ ಅಗಿಯುವ ನಮ್ಮ ನಾಡಿನ ಅಭ್ಯಾಸವು ಈ ಪೇಶಿಗಳಿಗೆ ವಿಶ್ರಾಂತಿಯನ್ನು ಕೊಡುವುದಿಲ್ಲ. ಅಡಕೆಯಿಂದ ಬಾಯಿಯ ಒಳಪದರವು ಬಿಗಿದು ನಾರುಗಟ್ಟಿ ಬಾಯಿ ತೆರೆಯಲಾಗದಂತಾಗುವ ಮತ್ತೊಂದು ರೋಗವೂ ಉಂಟು. ಅದು ಕೀಲಿನ ವಿಕಾರವಲ್ಲ. ಮುಂದೆ ಅರ್ಬುದಕ್ಕೆ ತಿರುಗುವ ಅಪಾಯವುಳ್ಳದ್ದು. ಬಾಯಿ ಹಿಡಿದುಕೊಂಡಿತೆಂದೊಡನೆ ಎಲ್ಲವನ್ನೂ ಹನುಗ್ರಹವೆಂದೆಣಿಸಲಾಗದು.

ದವಡೆಯ ನೋವಿನ ವೇಷದಲ್ಲಿ ಬರುವ ಬೇರೆ ರೋಗಗಳು ಇನ್ನೂ ಕೆಲವುಂಟು. ಮುಖದ ಒಂದು ಪಕ್ಕದಲ್ಲಿ ಸಿಡಿಲು ಹೊಡೆದಂತೆ ಕ್ಷಣಕ್ಷಣಕ್ಕೂ ಮಿಡಿಯುವ ನೋವು ಐದನೆಯ ಶಿರೋನರದ್ದೇ ಆದ ರೋಗ. ಅದನ್ನು ಹಲ್ಲುನೋವೆಂದು ತಿಳಿದು ಹಲ್ಲುಗಳನ್ನು ಕೀಳಿಸಿಕೊಂಡವರು ಹಲವರು. ನಡೆಯುವಾಗ ಅಥವಾ ಶ್ರಮಪಟ್ಟಾಗ ದವಡೆಗೆ ಬಂದು ನಿಂತೊಡನೆ ಹೋಗುವ ನೋವು ಹೃದಯದ್ದಾಗಿರಬಹುದು. 50 ವರ್ಷ ದಾಟಿದವರಿಗೆ ಹೊಸದಾಗಿ ಕಣತಲೆಯ ನೋವು ಹುಟ್ಟಿ, ನೆತ್ತಿಯ ಚರ್ಮವನ್ನು ಬಾಚಣಿಗೆ ಮುಟ್ಟಿದರೂ ನೋಯುತ್ತ, ಅಗಿಯುವಾಗ ದವಡೆಯು ಬೇಗನೆ ಸೋತು, ದೃಷ್ಟಿಯು ಮಸುಕಾದರೆ ಅದು ಧಮನಿಗಳ ಉರಿಯೂತವಾಗಿರಬಹುದು. ಅಂತಹವರ ಕೂಡಿಕೆಯನ್ನು ಪರೀಕ್ಷಿಸುತ್ತ ದಿನ ಕಳೆಯದೆ ಅಂದೇ ಆಸ್ಪತ್ರೆಗೆ ಒಯ್ಯಬೇಕು. ಚಿಕಿತ್ಸೆಯು ತಡವಾದರೆ ಕಣ್ಣು ಶಾಶ್ವತವಾಗಿ ಹೋಗುವುದುಂಟು.